ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗದವರು

ನಿಮ್ಮ ಮೈಗೆ ಬಿಸಿಲು ಸಾಲದು ಎಂದು ನಮ್ಮ ಓಣಿಯ ಡಾಕ್ಟರು ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಕಲಬುರಗಿಯಲ್ಲಿ ಕುಡಿಯುವ ನೀರಿಗೆ ಬರ ಬರಬಹುದು, ಕರೆಂಟಿಗೆ ಬರಬಹುದು, ಬಿಸಿಲಿಗೂ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಆದರೆ ಆಮೇಲೆ ಕೂತು ಯೋಚಿಸಿದರೆ ಅವರ ಮಾತು ಸುಳ್ಳಾಗಿರಲಿಲ್ಲ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ತಲೆ, ಮೂಗು, ಕೈ ಎಲ್ಲಕ್ಕೂ ಓಢಣಿ ಸುತ್ತಿಕೊಂಡು ಆಟೋ ಹತ್ತುತ್ತೇನೆ, ಸಂಜೆಯವರೆಗೆ ಪುಸ್ತಕದ ಕಪಾಟುಗಳ ನಡುವೆ ಟ್ಯೂಬ್‌ಲೈಟಿನ ಕೆಳಗೆ ಇರುತ್ತೇನೆ, ಮತ್ತೆ ಓಢಣಿ ಸುತ್ತಿಕೊಂಡು ಮನೆಗೆ ಬರುತ್ತೇನೆ. ಈ ಊರಿನಲ್ಲಿ ಹುಟ್ಟಿದವರಿಗೆ ಬಿಸಿಲಿನಿಂದ ತಪ್ಪಿಸಿಕೊಳ್ಳುವುದೇ ಅರ್ಧ ಕೆಲಸ.

ಶುರುವಾಗಿದ್ದು ದಣಿವಿನಿಂದ. ದಣಿವನ್ನು ಕಾಯಿಲೆ ಎಂದು ಯಾರೂ ಒಪ್ಪುವುದಿಲ್ಲ, ಯಾಕೆಂದರೆ ಅದು ಎಲ್ಲರಿಗೂ ಇದೆ. ನಾನೂ ಒಪ್ಪಿರಲಿಲ್ಲ. ಆಮೇಲೆ ಬೆರಳುಗಳು ಬೆಳಗಿನ ಹೊತ್ತು ಮಡಚದಾದವು. ರೊಟ್ಟಿ ಬಡಿಯಲು ಕೂತರೆ ಅಂಗೈ ಹಿಟ್ಟಿನ ಮೇಲೆ ಬೀಳುತ್ತಿತ್ತೇ ಹೊರತು ರೊಟ್ಟಿ ಅಗಲವಾಗುತ್ತಿರಲಿಲ್ಲ. ನನ್ನ ಗಂಡ ಶಿವಶರಣಪ್ಪ ಒಂದಷ್ಟು ದಿನ ಆ ದಪ್ಪ ರೊಟ್ಟಿ ತಿಂದುಕೊಂಡು ಸುಮ್ಮನಿದ್ದರು. ಒಂದು ಸಂಜೆ ಹೇಳದೆ ಕೇಳದೆ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದರು.

"ಯಾಕ ಮಾಮಾ, ನನ್ನ ರೊಟ್ಟಿ ಸೇರವಲ್ದೇನು?" ಎಂದೆ.

"ರೊಟ್ಟಿ ಸೇರ್ತಾವ. ನೀ ಬಡಿಯೋದು ನೋಡಾಕ ಆಗವಲ್ದು ಸುವರ್ಣಾ," ಎಂದರು.

ಗಂಡನನ್ನು ಮಾಮಾ ಎಂದು ಕರೆಯುತ್ತಾಳಲ್ಲ ಎಂದು ನಿಮಗೆ ಅನ್ನಿಸಿದರೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವರು ನನ್ನ ಅವ್ವನ ಖಾಸಾ ತಮ್ಮ, ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನೂ ನನ್ನ ತಮ್ಮ ಮಲ್ಲುವನ್ನೂ ಕಟ್ಟಿಕೊಂಡು ಕಮಲಾಪುರದ ತವರಿಗೆ ಬಂದಳು. ನಾನು ಬೆಳೆದದ್ದು ಆ ಮನೆಯಲ್ಲಿ, ಸೊಸೆಯಾದದ್ದೂ ಅದೇ ಮನೆಗೆ. ಮದುವೆಯ ದಿನ ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆಂದು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, ಗುಡಿ ಸುತ್ತಿಸಿ, ಅದೇ ಬಾಗಿಲಿನಿಂದ ಒಳಗೆ ಕರೆದುಕೊಂಡರು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಅಕ್ಕನ ಮಗಳನ್ನು ಕೇಳುವ ಮೊದಲ ಹಕ್ಕು ತಮ್ಮನದು, ಅವನು ಒಲ್ಲೆ ಎಂದಮೇಲೆ ಉಳಿದವರದು.

ಡಾಕ್ಟರು ರಕ್ತ ನೋಡಿಸಿದರು. ವಿಟಮಿನ್ ಡಿ ತಳ ಕಂಡಿತ್ತು. ವಾರಕ್ಕೊಂದು ಪುಡಿ ಹಾಲಿನಲ್ಲಿ ಕುಡಿಯಿರಿ, ಬೆಳಗಿನ ಬಿಸಿಲಿಗೆ ಕೂಡಿರಿ ಎಂದರು. ಅವರದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಸಾವಿರ ಜನಕ್ಕೆ ಹೇಳುವ ಮಾತನ್ನೇ ನನಗೂ ಹೇಳಿದರು.

ಸುದ್ದಿ ಕಮಲಾಪುರಕ್ಕೆ ಮುಟ್ಟಿತು. ಅವ್ವ ಬಸ್ಸು ಹತ್ತಿ ಬಂದಳು. ಬರುವಾಗ ಸಂಡಿಗೆಗೆ ಹಿಟ್ಟು, ಕುಸುಬಿ ಎಣ್ಣೆಯ ಡಬ್ಬಿ, ತಮ್ಮ ತೋಟದ ಕೆಂಪು ಬಾಳೆಯ ಗೊನೆ ಎಲ್ಲ ತಂದಿದ್ದಳು. ಬೇಸಿಗೆ ಹೇಗೂ ಶುರುವಾಗಿತ್ತು. "ಬಿಸಲಾಗ ಕೂಡು ಅಂದಾರಲ್ಲ, ಸುಮ್ಮ ಯಾಕ ಕೂಡ್ತಿ? ಸಂಡಿಗಿ ಕಾಯಿ," ಎಂದು ಮಾಳಿಗೆಯ ಮೇಲೆ ಹಳೇ ಧೋತರ ಹಾಸಿ ಸಂಡಿಗೆ ಇಟ್ಟಳು. ಕೈಕಾಲಿಗೆ ಎಣ್ಣೆ ತಿಕ್ಕಿ ನನ್ನನ್ನು ಪಕ್ಕದಲ್ಲಿ ಕೂರಿಸಿದಳು. ಕಾಗೆ ಓಡಿಸಲು ಕೈಯಲ್ಲೊಂದು ಬಡಿಗೆ. ಬೆಳಗಿನ ಬಿಸಿಲು ಎಂದು ಡಾಕ್ಟರು ಹೇಳಿದ್ದನ್ನು ಅವ್ವ ಮಧ್ಯಾಹ್ನದವರೆಗೂ ಹಿಗ್ಗಿಸಿದಳು. ಜಾಸ್ತಿ ಕೂತರೆ ಜಾಸ್ತಿ ಗುಣ ಎಂಬುದು ಅವಳ ಲೆಕ್ಕ. ನಾನೂ ಕೂತೆ. ಗುಣವಾಗುವ ಆಸೆ ಯಾರಿಗಿರುವುದಿಲ್ಲ?

ಸಂಡಿಗೆ ಒಣಗಿದವು. ನನ್ನ ಮುಖ ಸುಟ್ಟಿತು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಹರಡಿತು, ಬಾಯೊಳಗೆ ಹುಣ್ಣಾದವು, ಜ್ವರ ಏರಿ ಇಳಿಯಲಿಲ್ಲ, ಕಾಲು ಬಾತವು. "ಡಾಕ್ಟರ ಹೇಳಿದ್ದ ಮಾಡೀವಲ್ಲ!" ಎಂದು ಅವ್ವ ಗಾಬರಿಯಿಂದ ಒದರಾಡಿದಳು. ಮಾಮಾ ನನ್ನನ್ನು ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದರು.

ಅಲ್ಲಿಂದ ಕಾಯುವುದು ಶುರು. ಕಾಯಿಲೆಯ ಬಗ್ಗೆ ಓದುವವರಿಗೆ ನೋವಿನ ಅಂದಾಜಿರುತ್ತದೆ, ಕಾಯುವುದರ ಅಂದಾಜಿರುವುದಿಲ್ಲ. ಜಗತ್ ಸರ್ಕಲ್ಲಿನ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು, ಅದು ಹೈದರಾಬಾದಿಗೆ ಹೋಗಿ ಬರುವತನಕ ಕಾಯಬೇಕು. ಈ ಜಾತಿಯ ಕಾಯಿಲೆ ನೋಡುವ ಡಾಕ್ಟರು ನಮ್ಮಲ್ಲಿಗೆ ಕೆಲವು ಭಾನುವಾರ ಮಾತ್ರ ರೈಲಿನಲ್ಲಿ ಬರುತ್ತಾರೆ, ಆ ಭಾನುವಾರಕ್ಕೆ ಕಾಯಬೇಕು. ಭಾನುವಾರ ಬಂದರೆ ರೈಲು ಬರಬೇಕು. ಅವರು ಬಂದು ಕೂರುವ ಸ್ಟೇಶನ್ ಬಜಾರದ ದವಾಖಾನೆಯ ಬೆಂಚುಗಳಲ್ಲಿ ನಾವು ಊದಿದ ಬೆರಳಿನವರು, ಬಾಗಿದ ಮೊಣಕಾಲಿನವರು, ಒಬ್ಬರ ಫೈಲನ್ನು ಒಬ್ಬರು ಕಣ್ಣಂಚಿನಲ್ಲಿ ನೋಡುತ್ತಾ ಕೂತಿರುತ್ತಿದ್ದೆವು.

ಒಂದು ಭಾನುವಾರ ಪಕ್ಕದಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬರು ಕೂತಿದ್ದರು. ಕಿಟಕಿಯ ಬಿಸಿಲು ನನ್ನ ಮೇಲೆ ಬೀಳುತ್ತಿರುವುದನ್ನು ನೋಡಿ, ನಾನು ಕೇಳುವ ಮೊದಲೇ ಎದ್ದರು. "ನೀವು ಈ ಕಡೆ ಬರ್ರಿ ಬಾಜಿ, ನಮ್ಗೆ ಬಿಸ್ಲು ತಾಗಲ್ಲ," ಎಂದು ಜಾಗ ಬದಲಿಸಿಕೊಂಡರು. ಆಮೇಲೆ ನಕ್ಕು, "ಅದ್ಕೇ ನಮ್ದು ಡಿ ಭೀ ಖತಮ್ ಅದ," ಎಂದರು. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ. ಅವರ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಡಾಕ್ಟರು ಹೆಸರು ಹೇಳಿದರು: ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವುದು. ಬಿಸಿಲು ಬಿದ್ದರೆ ಅದು ಕೆರಳುತ್ತದೆ. ಇನ್ನು ಮುಂದೆ ಬಿಸಿಲಿಗೆ ಹೋಗಕೂಡದು, ಆದರೆ ಡಿ ಬೇಕು, ಅದಕ್ಕೆ ಪುಡಿಯೇ ಗತಿ.

"ಡಿ ಕಡಿಮಿ ಆಗಿದ್ದಕ್ಕೇ ಇದು ಬಂತೇನ್ರಿ?" ಎಂದು ಮಾಮಾ ಕೇಳಿದರು.

"ಅಷ್ಟು ಸೀದಾ ಹೇಳಕ್ಕಾಗಲ್ರಿ. ಕೆಲವ್ರ ಮೈಗೆ ಡಿ ಸಿಕ್ಕರೂ ಅದನ್ನ ಬಳಸ್ಕೊಳ್ಳೋ ತಾಕತ್ತು ಹುಟ್ಟಿನಿಂದಾನೇ ಕಮ್ಮಿ ಇರ್ತದ. ಒಂದೊಂದು ಮನೆತನದಾಗ ಈ ರೋಗದ ಕಡಿ ಒಲವೂ ಇರ್ತದ. ಎಲ್ಲಾ ಕೂಡಿ ಬರಬೇಕು. ಕೂಡಿದ್ರೂ ಬರದೇ ಇರಬಹುದು," ಎಂದರು. ನಂತರ ಒಂದು ಹಾಳೆ ತೆಗೆದುಕೊಂಡರು. "ತಾಯಿ ಕಡಿ ಯಾರಿಗರೆ ಇತ್ತೇನು?"

"ಇಲ್ರಿ."

"ಮಕ್ಕಳ ಸಲುವಾಗಿ ಕೇಳ್ತೀನಿ, ನಿಮ್ಮ ಯಜಮಾನ್ರ ಕಡಿ?"

ನಾನು ಮಾಮಾನ ಮುಖ ನೋಡಿದೆ. "ಎರಡೂ ಒಂದೇ ಕಡಿ ರೀ," ಎಂದೆ.

ಡಾಕ್ಟರು ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆದು ಗೆರೆ ಎಳೆದರು. ನನ್ನ ಮತ್ತು ಮಾಮಾನ ನಡುವೆ ಮಾತ್ರ, ರಕ್ತಸಂಬಂಧದ ಮದುವೆಯ ಗುರುತಾಗಿ, ಜೋಡಿ ಗೆರೆ. ಜೊತೆಗೆ ಬಂದಿದ್ದ ನನ್ನ ಮಗಳು ಭಾಗ್ಯಾ, ಬಿ.ಎಸ್ಸಿ. ಕೊನೆಯ ವರ್ಷದವಳು, ಬಗ್ಗಿ ನೋಡಿ, "ಇದು ವಂಶದ ಗಿಡ ಅಲ್ಲವ್ವಾ, ಗಂಟು," ಎಂದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಆ ಗಂಟಿನ ಕೆಳಗೆ ನೇತಾಡುತ್ತಿದ್ದ ಒಂದೇ ಸೊನ್ನೆ ಅವಳದು.

ನನ್ನ ಹೆದರಿಕೆ ಅದೇ ಆಗಿತ್ತು. ಅವ್ವ ಎರಡು ವರ್ಷದಿಂದ ಹಿಡಿದ ಹಟ ಬಿಟ್ಟಿರಲಿಲ್ಲ: ಭಾಗ್ಯಾಳನ್ನು ಮಲ್ಲುವಿಗೆ ಕೊಡಬೇಕು. ಮಲ್ಲು ನನ್ನ ತಮ್ಮ, ಭಾಗ್ಯಾಳಿಗೆ ಸೋದರಮಾವ. ಅಂದರೆ ನನಗೆ ಆದಂತೆಯೇ ಅವಳಿಗೂ. ನಾನು ಡಾಕ್ಟರನ್ನು ಕೇಳಿಯೇಬಿಟ್ಟೆ. ಅವರು ಪೆನ್ನು ಇಟ್ಟರು.

"ಬ್ಯಾಡ ಅಂತ ಕಡ್ಡಿ ಮುರಿದು ಹೇಳೋಷ್ಟು ನನಗೂ ಗೊತ್ತಿಲ್ಲ. ನಿಮಗೊಬ್ಬರಿಗೇ ಇದ್ರ ಒಂದು ಲೆಕ್ಕ. ಮನಿಯಾಗ ಇನ್ನೊಬ್ರಿಗೆ ಇದ್ರ ಲೆಕ್ಕಾನೇ ಬ್ಯಾರೆ. ವಿಚಾರ ಮಾಡ್ರಿ."

ಆಮೇಲಿನ ತಿಂಗಳುಗಳನ್ನು ಹೆಚ್ಚು ವಿವರಿಸುವುದಿಲ್ಲ. ಮಾತ್ರೆಗಳಿಗೆ ಮುಖ ಊದಿತು. ಓಣಿಯವರು "ಈಗ ಮೈ ಕೈ ತುಂಬಿಕೊಂಡೀರಿ ನೋಡ್ರಿ, ಚೆಂದ ಕಾಣ್ತೀರಿ," ಎಂದು ಹರಸಿದರು. ಕಾಲೇಜಿನಲ್ಲಿ ಅರ್ಧ ದಿನ ಕೆಲಸ ಮಾಡಿ ಉಳಿದರ್ಧ ಮೇಜಿನ ಮೇಲೆ ತಲೆಯಿಟ್ಟುಕೊಂಡಿರುತ್ತಿದ್ದೆ. ಮಾಮಾ ಒಂದು ಕರಿ ಛತ್ರಿ ಕೊಂಡರು. ಮಳೆಯ ಸುಳಿವೇ ಇಲ್ಲದ ಊರಿನಲ್ಲಿ ಹೆಂಡತಿಗೆ ಛತ್ರಿ ಹಿಡಿದು ನಡೆಯುವ ಗಂಡಸನ್ನು ಆಟೋದವರು ಹಾರ್ನ್ ಹೊಡೆದು ಕಾಡಿದರು. ಅವರು ಛತ್ರಿ ಇಳಿಸಲಿಲ್ಲ. ಇಂಥ ಗಂಡನನ್ನು ಕೊಟ್ಟ ಪದ್ಧತಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಸಂಕಟಕ್ಕೆ ಅದೂ ಒಂದು ಕಾರಣ.

ಭಾಗ್ಯಾಳನ್ನು ಕೇಳಿದೆ. ಅವಳಿಗೆ ಮಲ್ಲು ಬೇಡವಾಗಿತ್ತು. "ಎತ್ತಿ ಆಡಿಸಿದ ಮಾಮಾನ್ನ ಹೆಂಗವ್ವಾ ಮದುವಿ ಆಗ್ಲಿ?" ಎಂದಳು. ಆದರೆ ಇನ್ನೊಂದು ಮಾತೂ ಹೇಳಿದಳು. "ಬ್ಯಾನಿ ಹೆಸರು ಹೇಳಿ ಮಾತ್ರ ಬ್ಯಾಡ ಅನ್ನಬ್ಯಾಡ. ಇವತ್ತು ಆಯಿ ಬಾಯಿ ಮುಚ್ಚಸ್ತದ, ನಾಳೆ ಅದೇ ಹೆಸರು ನನಗ ಅಂಟ್ಕೋತದ. ಯಾರೂ ಕೇಳಾಕ ಬರೋದಿಲ್ಲ." ಅವಳ ಆಯಿ ಎಂದರೆ ನನ್ನ ಅವ್ವ. ಭಾಗ್ಯಾ ಹೇಳಿದ್ದು ಸರಿ. ನಮ್ಮಲ್ಲಿ ಹೆಣ್ಣಿರುವ ಮನೆಯಲ್ಲಿ ಕೆಮ್ಮನ್ನೂ ಬಾಗಿಲು ಹಾಕಿಕೊಂಡು ಕೆಮ್ಮುತ್ತಾರೆ. ಹೇಳಿದರೂ ಮಗಳಿಗೆ ಕೇಡು, ಹೇಳದಿದ್ದರೂ ಕೇಡು ಎಂಬಲ್ಲಿ ನಾನು ಸಿಕ್ಕಿಕೊಂಡಿದ್ದೆ. ಜಗಳಕ್ಕೆ ಬೇಕಾದ ಕಸುವೂ ಇರಲಿಲ್ಲ.

ಚಳಿಗಾಲದಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅವತ್ತು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗಿ, ಬೆಳೆದ ಜೋಳಕ್ಕೆ ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಭೂಮಿಗೆ ಎಡೆಯಾಗಿ ಎರಚಿ, ಅಲ್ಲೇ ಉಂಡು ಸಂಜೆಗೆ ಬರುವುದು. ನಾವೂ ಕಮಲಾಪುರಕ್ಕೆ ಹೋದೆವು. ಅವ್ವ ಬುಟ್ಟಿ ಕಟ್ಟಿದಳು. ಮಾಮಾ, ಮಲ್ಲು, ಭಾಗ್ಯಾ ಹೊರಟರು. ಇಡೀ ದಿನದ ಬಯಲು ಬಿಸಿಲು ನನಗೆ ಆಗದು. ನಾನು ಉಳಿದೆ. ಜೀವನದಲ್ಲಿ ಮೊದಲ ಸಲ.

ಆದರೆ ಮನೆ ಖಾಲಿ ಇರಲಿಲ್ಲ. ನೀಲವ್ವ ದೊಡ್ಡವ್ವ ಇದ್ದಳು. ಅವ್ವನ ಅಕ್ಕ, ಹಾಗೆಯೇ ನನ್ನ ಗಂಡನ ಅಕ್ಕ. ಚಿಕ್ಕ ವಯಸ್ಸಿನಲ್ಲಿ ಮಹಾಗಾಂವಕ್ಕೆ ಕೊಟ್ಟಿದ್ದರು, ಗಂಡನ ಮನೆಯವರು ಬೇಗನೇ ವಾಪಸು ಕಳಿಸಿದ್ದರು. ಅಂದಿನಿಂದ ನಡುಮನೆಯೇ ಅವಳ ಲೋಕ. ಬೀಸುವುದು, ಕಾಳು ಹಸನು ಮಾಡುವುದು, ಕೌದಿ ಹೊಲಿಯುವುದು ಎಲ್ಲ ಮಾಡುತ್ತಾಳೆ, ಹೊತ್ತು ಮುಳುಗುವತನಕ ಅಂಗಳಕ್ಕೆ ಕಾಲಿಡುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಾರದವಳು ಊರಿಗೆಲ್ಲ ಅವಳೊಬ್ಬಳೇ. ಮೈಗಳ್ಳಿ ನೀಲವ್ವ ಎಂದೇ ಅವಳ ಹೆಸರು. ಮಕ್ಕಳಾಗಿದ್ದಾಗ ನಾವೂ ಬುಟ್ಟಿ ಹೊತ್ತು ಹೊರಡುವಾಗ ಹಾಗೇ ಕೂಗಿ ನಗುತ್ತಿದ್ದೆವು. ಒಬ್ಬರಿಗೆ ಬದನೆಕಾಯಿ ಸೇರುವುದಿಲ್ಲ, ಒಬ್ಬರಿಗೆ ಬಿಸಿಲು ಸೇರುವುದಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಡಾಕ್ಟರು ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ಕೇಳಿದಾಗ ಅವಳು ನನ್ನ ನೆನಪಿಗೆ ಬರಲೇ ಇಲ್ಲ.

ದೊಡ್ಡವ್ವ ತಟ್ಟೆಯಲ್ಲಿ ಭಜ್ಜಿ ಹಾಕಿಕೊಟ್ಟು ಎದುರಿಗೆ ಕೂತಳು. ನಾನು ತಿನ್ನುವುದನ್ನು ನೋಡುತ್ತಿದ್ದವಳು ಕೈ ಚಾಚಿ ನನ್ನ ಕೆನ್ನೆಯ ಕಲೆ ಮುಟ್ಟಿದಳು.

"ಬಿಸಲಾಗ ಹೋದ್ರ ಉರಿತದೇನು?"

"ಹೂಂ."

"ಬಾಯಾಗ ಹುಣ್ಣು? ಮುಂಜಾನೆ ಕೈಬಳ್ಳ ಮಡಚಂಗಿಲ್ಲ?"

ನನ್ನ ತುತ್ತು ಕೈಯಲ್ಲೇ ಉಳಿಯಿತು. ಅವಳು ಸೆರಗು ಹಿಂದೆ ಸರಿಸಿ ಮುಖವನ್ನು ಕಿಂಡಿಯ ಬೆಳಕಿಗೆ ತಿರುಗಿಸಿದಳು. ಮೂಗಿನ ಎರಡೂ ಬದಿಗೆ ಹಳೆಯ ಕಲೆ, ಬಣ್ಣ ಮಾಸಿದ ಗೋಡೆಯ ಹಾಗೆ. ಆ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಸೆರಗಿಲ್ಲದೆ ನೋಡಿದ್ದು ಅವತ್ತು.

"ಮಹಾಗಾಂವದಾಗ ಕಳೆ ತೆಗಿಯಾಕ ಹೋದಾಗ ಶುರು ಆತು. ಅವರು ಮೈಗಳ್ಳಿ ಅಂದು ತಂದು ಬಿಟ್ರು. ಇದು ಬ್ಯಾನಿ ಅಂತ ನನಗ ಗೊತ್ತಿತ್ತು, ಅಪ್ಪಗೂ ಗೊತ್ತಿತ್ತು. ಆದ್ರ ಕಾಶಿಗಿ ನೋಡಾಕ ಬರೋರಿದ್ರು. ಅಕ್ಕಗ ರೋಗ ಅದ ಅಂದ್ರ ತಂಗಿನ್ನ ಯಾರು ಮಾಡ್ಕೋತಾರ? ಮೈಗಳ್ಳಿ ಅಂದ್ರ ಅದು ನನಗೊಬ್ಬಾಕಿಗೇ. ಅಪ್ಪ ಹೂಂ ಅಂದ. ನಾನೂ ಹೂಂ ಅಂದೆ."

ಕಾಶಿ ಎಂದರೆ ಕಾಶವ್ವ, ನನ್ನ ಅವ್ವ. ನಾನು ಅತ್ತೆ. ಯಾರಿಗಾಗಿ ಅತ್ತೆ ಎಂದು ಕೇಳಿದರೆ ಹೇಳಲಾರೆ. ದೊಡ್ಡವ್ವ ಅಳಲಿಲ್ಲ, "ಉಣ್ಣು, ಆರತದ," ಎಂದಳು.

ಸಂಜೆ ಎಲ್ಲರೂ ಬಂದರು, ಮೈತುಂಬ ಬಿಸಿಲು ಹೊತ್ತುಕೊಂಡು. ಚಹಾ ಕುಡಿಯುತ್ತಾ ಅವ್ವ ನಾನು ಹೆದರಿದ್ದ ಮಾತು ತೆಗೆದಳು. ಈ ಬೇಸಿಗೆಯಲ್ಲಿ ಮಲ್ಲು, ಭಾಗ್ಯಾಳ ಅಕ್ಷತೆ ಮುಗಿಸಿಬಿಡೋಣ ಎಂದಳು. ಮಾಮಾ ನನ್ನ ಕಡೆ ನೋಡಿದರು. ಭಾಗ್ಯಾ ನೆಲ ನೋಡಿದಳು. ನಾನು ಮಗಳು ಹೇಳಿದ್ದ ಮಾತು ನೆನೆದು, "ಹುಡುಗಿಗೆ ಮನಸ್ಸಿಲ್ಲವ್ವಾ," ಎಂದಷ್ಟೇ ಹೇಳಿದೆ.

"ಮನಸ್ಸು ನಿನಗಿತ್ತೇನು? ಈಗ ಸುಖದಿಂದ ಇಲ್ಲೇನು?" ಎಂದಳು ಅವ್ವ. "ರಕ್ತ ರಕ್ತಕ್ಕ ಕೂಡಬೇಕು. ನಮ್ಮ ರಕ್ತದಾಗ ಏನ್ ಕೊರತಿ ಅದ?"

"ಅದ," ಎಂದಳು ನೀಲವ್ವ ದೊಡ್ಡವ್ವ.

ಅವಳು ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗು ಹೆಗಲ ಮೇಲಿತ್ತು. "ಸುವರ್ಣಾಗ ಬಂದಿದ್ದು ನನ್ನದೇ ಬ್ಯಾನಿ, ಕಾಶಿ. ನಿನ್ನ ಮದುವಿ ಸಲುವಾಗಿ ಒಮ್ಮೆ ಮುಚ್ಚಿಟ್ಟೆ. ಈ ಹುಡುಗಿ ಮದುವಿ ಸಲುವಾಗಿ ಮುಚ್ಚಿಡಂಗಿಲ್ಲ."

ಅವ್ವ ಚಹಾದ ಬಸಿ ಕೆಳಗಿಟ್ಟಳು. ಕೊನೆಗೆ ಮಲ್ಲು, "ಸಾಕು ಬಿಡವ್ವಾ. ನನಗೂ ಭಾಗ್ಯಾ ಅಂದ್ರ ಇನ್ನಾ ಜಡಿ ಹಾಕ್ಕೊಂಡ ಹುಡುಗಿನೇ," ಎಂದು ಎದ್ದು ಹೊರಗೆ ಹೋದ. ಅಲ್ಲಿಗೆ ಆ ಮಾತು ಮುಗಿಯಿತು. ಅವ್ವ ಮಾತ್ರ ಒಂದು ವಾರ ಅಕ್ಕನ ಜೊತೆ ಮಾತಾಡಲಿಲ್ಲವಂತೆ. ಸಿಟ್ಟಿಗಲ್ಲ, ಮುಖ ಎತ್ತಲಾಗದೆ ಎಂದು ಮಲ್ಲು ಫೋನಿನಲ್ಲಿ ಹೇಳಿದ.

ದೊಡ್ಡವ್ವನನ್ನು ಕಲಬುರಗಿಗೆ ಕರೆತಂದು ತೋರಿಸೋಣ ಎಂದವಳು ಭಾಗ್ಯಾ. ಟೆಂಪೋದಲ್ಲಿ ಬೇಡ, ಬಿಸಿಲು ಏರುವ ಮೊದಲೇ ಕಾರು ಮಾಡಿಸಿ ಎಂದು ಅಪ್ಪನಿಗೆ ತಾಕೀತು ಮಾಡಿದವಳೂ ಅವಳೇ. ಅವ್ವ ಯಾರೂ ಕರೆಯದಿದ್ದರೂ ಬಂದು ಕಾರಿನಲ್ಲಿ ಕೂತಿದ್ದಳು. ಅದೇ ಸ್ಟೇಶನ್ ಬಜಾರದ ಬೆಂಚು, ಅದೇ ತಡವಾದ ರೈಲು. ಚೀಟಿ ಬರೆಯುವಾಕೆ ಏನು ತಕರಾರು ಎಂದು ಕೇಳಿದಾಗ, ಜನ ತುಂಬಿದ ಕೋಣೆಯಲ್ಲಿ, ನಮ್ಮ ಓಣಿಯ ಇಬ್ಬರು ಕೂತಿರುವಾಗಲೇ, ಭಾಗ್ಯಾ ಗಟ್ಟಿಯಾಗಿ ಹೇಳಿದಳು: "ಲೂಪಸ್ ಇರಬಹುದ್ರಿ. ನಮ್ಮ ಮನಿಯಾಗ ಇನ್ನೊಬ್ರಿಗೂ ಅದ." ನಾನು ಓಣಿಯವರ ಕಡೆ ನೋಡಿದೆ. ಅವಳು ತಿರುಗಿಯೂ ನೋಡಲಿಲ್ಲ.

ಭಾಗ್ಯಾಳ ರಕ್ತದಲ್ಲೂ ಡಿ ಕಡಿಮೆಯೇ ಬಂದಿದೆ. ಪುಡಿ ಕುಡಿಯುತ್ತಾಳೆ. ಅವಳಿಗೆ ಬರುತ್ತದೋ ಇಲ್ಲವೋ ಯಾರೂ ಹೇಳುವುದಿಲ್ಲ, ಹೇಳಲು ಯಾರಿಗೂ ಆಗುವುದೂ ಇಲ್ಲ. ಅವಳ ಕೆನ್ನೆ ಸ್ವಲ್ಪ ಕೆಂಪಾದರೆ ನಾನು ಕೆಲಸ ಬಿಟ್ಟು ನೋಡುತ್ತೇನೆ. "ನಾಚ್ಕೊಂಡೀನಿ ಅಷ್ಟೇ," ಎಂದು ರೇಗುತ್ತಾಳೆ. ಈ ಕಾಯಿಲೆಯೊಂದಿಗೆ ಬದುಕುವುದೆಂದರೆ ನನಗೆ ಮಾತ್ರೆಗಿಂತ ಹೆಚ್ಚಾಗಿ ಇದೇ ಆಗಿದೆ.

ದೊಡ್ಡವ್ವನ ರಿಪೋರ್ಟು ಬಂದ ಭಾನುವಾರ ಡಾಕ್ಟರು ಅವಳ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದರು. ಹೌದು, ಅದೇ ಕಾಯಿಲೆ, ಬಹಳ ಹಳೆಯದು, ಈಗ ತಣ್ಣಗಿದೆ, ಮೂತ್ರಪಿಂಡದ ಮೇಲೆ ಕಣ್ಣಿಡಬೇಕು ಎಂದರು. ಬಿಸಿಲಿಗೆ ಹೋಗದೆ ಇದ್ದದ್ದು ಒಳ್ಳೆಯದೇ ಆಯಿತು ಎಂದರು. ದೊಡ್ಡವ್ವನಿಗೆ ಅಷ್ಟೂ ಕೇಳಿಸಿತೋ ಇಲ್ಲವೋ.

"ಅಂದ್ರ ನಾ ಮೈಗಳ್ಳಿ ಅಲ್ಲೇನ್ರಿ?" ಎಂದು ಕೇಳಿದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಮ್ಮೆಲ್ಲರ ಮುಖ ನೋಡಿದರು. "ಅಲ್ರಿ ತಾಯಿ," ಎಂದರು.

ದೊಡ್ಡವ್ವ ಪಕ್ಕದಲ್ಲಿದ್ದ ಅವ್ವನ ಕಡೆ ತಿರುಗಿದಳು. "ಕೇಳಿದೇನು, ಕಾಶಿ?"

ಅವ್ವ ತಲೆಯಾಡಿಸಿದಳು.

"ಬಾಯಿ ಬಿಟ್ಟು ಹೇಳು."

"ಕೇಳೀನಿ ಅಕ್ಕಾ," ಎಂದಳು ಅವ್ವ. "ನೀ ಮೈಗಳ್ಳಿ ಅಲ್ಲ."